ಶೆಟ್ಟಿಹಳ್ಳಿಯ ಚರ್ಚು ಮತ್ತು ಮುಳುಗಿದ ಊರುಗಳು

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿಗೆ ಒಂದು ಛಾಯಾಚಿತ್ರ ಕಳುಹಿಸಿದ್ದ. ಕಣ್ಣು ಹಾಯುವವರೆಗೂ ನೀರು. ಆ ನೀರಿನ ನಡುವೆ ಮಾಡಿಲ್ಲದ ಒಂದು ಕಟ್ಟಡ. ಅದರ ಚೂಪು ಕಮಾನುಗಳು ಅರ್ಧ ನೀರಿನೊಳಗೆ, ಅರ್ಧ ಮೇಲೆ. ಕೆಳಗೆ ‘ಸಾರ್, ಎಷ್ಟು ಚೆನ್ನಾಗಿದೆ ನೋಡಿ, ಮುಳುಗುವ ಚರ್ಚು’ ಎಂದು ಬರೆದಿದ್ದ. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಅದನ್ನು ನೋಡಿದೊಡನೆ ನನ್ನ ನೆನಪಿಗೆ ಬಂದದ್ದು ಚರ್ಚಲ್ಲ. ಸುಮಾರು ನಲವತ್ತೈದು ವರ್ಷಗಳ ಹಿಂದೆ ನಾನೇ ಕೈಯಾರೆ ಬರೆದುಕೊಟ್ಟ ಕೆಲವು ವರ್ಗಾವಣೆ ಪತ್ರಗಳು. ಆ ಪತ್ರಗಳಿಗೂ ಈ ಚರ್ಚಿಗೂ ಏನು ನಂಟು ಎಂಬುದನ್ನು ಹೇಳಬೇಕಾದರೆ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಹಿಡಿಯಬೇಕು.

ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿ, ಗೊರೂರಿಗೆ ಸಮೀಪದಲ್ಲಿ, ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿರುವುದು ಶೆಟ್ಟಿಹಳ್ಳಿ. ಅಲ್ಲಿಯ ಜಪಮಾಲೆ ಮಾತೆಯ ದೇವಾಲಯವೇ ಚಿತ್ರದಲ್ಲಿದ್ದ ಕಟ್ಟಡ. ಬೇಸಿಗೆಯಲ್ಲಿ ನೀರು ಇಳಿದಾಗ ಅದರ ಬಾಗಿಲಿನವರೆಗೂ ನಡೆದು ಹೋಗಬಹುದು. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ನೀರು ಏರುತ್ತಾ ಬಂದು ಗೋಡೆಗಳ ಬಹುಭಾಗವನ್ನು ಮುಚ್ಚಿಬಿಡುತ್ತದೆ. ಮಾಡು ಎಂದೋ ಹೋಗಿದೆ. ಗಾರೆ ಕಳಚಿದ ಕಡೆಗಳಲ್ಲೆಲ್ಲ ಕೆಂಪು ಇಟ್ಟಿಗೆ ಕಾಣಿಸುತ್ತದೆ. ಉಳಿದಿರುವುದು ಕಮಾನುಗಳ ಸಾಲು ಮತ್ತು ಅವುಗಳನ್ನು ಹೊತ್ತ ಗೋಡೆಗಳು ಮಾತ್ರ.

ಇದನ್ನು ಕಟ್ಟಿದವರು ಫ್ರಾನ್ಸಿನಿಂದ ಬಂದ ಕ್ಯಾಥೊಲಿಕ ಪಾದ್ರಿಗಳು. ಕಾಲ 1860ರ ಸುಮಾರು. ಮೈಸೂರು ಸೀಮೆಯಲ್ಲಿ ಕ್ಯಾಥೊಲಿಕ ಧರ್ಮಪ್ರಚಾರ ಅದಕ್ಕಿಂತ ಬಹಳ ಹಳೆಯದು. ಹದಿನೇಳನೆಯ ಶತಮಾನದ ನಡುವಿನಲ್ಲಿಯೇ ಜೆಸ್ವಿಟ್ ಪಾದ್ರಿಗಳು ಶ್ರೀರಂಗಪಟ್ಟಣಕ್ಕೆ ಬಂದಿದ್ದರು. 1773ರಲ್ಲಿ ಪೋಪರು ಆ ಸಂಘವನ್ನೇ ವಿಸರ್ಜಿಸಿದ ತರುವಾಯ ಇಲ್ಲಿಯ ಕೆಲಸ ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಕೈಗೆ ಬಂದಿತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಇದೇ ಸಂಘದ ಅಬ್ಬೆ ದ್ಯುಬುವಾ. ಅವರು ನಮ್ಮವರಂತೆಯೇ ಉಡುಪು ತೊಟ್ಟು, ಹಳ್ಳಿಗಳಲ್ಲಿ ತಿರುಗಿದವರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥದಿಂದಾಗಿ ಅವರ ಹೆಸರು ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತ. 1803-04ರಲ್ಲಿ ಮೈಸೂರು ಸೀಮೆಯ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ದಾಕು ಹಾಕಿಸಿದವರು ಅವರೇ ಎಂಬುದು ಅಷ್ಟಾಗಿ ಪರಿಚಿತವಲ್ಲ. ಬೇಸಾಯ ಮಾಡಿಕೊಂಡು ಒಂದೆಡೆ ನೆಲೆ ನಿಲ್ಲುವಂತಹ ಕ್ರೈಸ್ತ ಗ್ರಾಮಗಳನ್ನು ಕಟ್ಟುವ ಯತ್ನವೂ ಅವರ ಕಾಲದ್ದೇ.

ಈ ಕಾರಣದಿಂದಲೇ ಇರಬೇಕು, ಶೆಟ್ಟಿಹಳ್ಳಿಯ ಚರ್ಚನ್ನು ಅಬ್ಬೆ ದ್ಯುಬುವಾ ಕಟ್ಟಿಸಿದರೆಂಬ ಮಾತು ಬಹಳ ಕಡೆ ಹರಡಿದೆ. ಇದು ಕಾಲಕ್ಕೆ ಹೊಂದದ ಮಾತು. ಅವರು 1823ರಲ್ಲಿಯೇ ಭಾರತವನ್ನು ಬಿಟ್ಟು ಫ್ರಾನ್ಸಿಗೆ ಮರಳಿದರು, 1848ರಲ್ಲಿ ತೀರಿಕೊಂಡರು. ನಾವು ಇಂದು ನೋಡುವ ಕಟ್ಟಡ ಎದ್ದದ್ದು ಮೈಸೂರು ಪ್ರತ್ಯೇಕ ಧರ್ಮಪ್ರಾಂತವಾಗಿ, ಬಿಷಪ್ ಶಾರ್ಬೊನೊ ಅವರು ಅದರ ಮುಖ್ಯಸ್ಥರಾಗಿದ್ದ ಕಾಲದಲ್ಲಿ. ಅಬ್ಬೆ ಬಿತ್ತಿದ್ದನ್ನು ಅವರ ನಂತರದ ತಲೆಮಾರು ಬೆಳೆಸಿತು ಎಂದರೆ ಸರಿಯಾದೀತು.

ಇನ್ನೊಂದು ಮಾತೂ ಪ್ರವಾಸಿಗರ ಬಾಯಲ್ಲಿದೆ: ಸಕಲೇಶಪುರ, ಆಲೂರಿನ ಕಡೆಯ ಇಂಗ್ಲಿಷ್ ತೋಟದ ದೊರೆಗಳಿಗಾಗಿ ಈ ಚರ್ಚು ಕಟ್ಟಲ್ಪಟ್ಟಿತು ಎಂದು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು, ಮಂಜರಾಬಾದಿನಲ್ಲಿ 1840ರ ದಶಕದಿಂದ ಯುರೋಪಿಯನ್ನರು ಕಾಫಿ ತೋಟ ಮಾಡಲಾರಂಭಿಸಿದ್ದರು ಎಂಬುದೆಲ್ಲ ನಿಜ. ಆದರೆ ಆ ದೊರೆಗಳಲ್ಲಿ ಬಹುಪಾಲು ಮಂದಿ ಪ್ರಾಟೆಸ್ಟಂಟ್ ಪಂಥದವರು. ಫ್ರೆಂಚ್ ಪಾದ್ರಿಗಳ ಲ್ಯಾಟಿನ್ ಪೂಜೆಗೆ ಅವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರೆಂದು ನಂಬುವುದು ಕಷ್ಟ. ಯಾವನೋ ಒಬ್ಬ ದೊರೆ ಎಂದೋ ಒಮ್ಮೆ ಬಂದಿದ್ದರೂ ಇದು ದೊರೆಗಳ ಚರ್ಚಾಗುವುದಿಲ್ಲ. ಪ್ರತಿ ಭಾನುವಾರ ಇದರ ನೆಲದ ಮೇಲೆ ಮಂಡಿಯೂರಿದವರು ರಾಗಿ ಬೆಳೆಯುವ, ಕನ್ನಡ ಮಾತನಾಡುವ, ಸೋಮವಾರ ಬೆಳಗಾದರೆ ನೇಗಿಲು ಹಿಡಿಯುವ ನಮ್ಮ ಜನ. ಕಟ್ಟಡದ ರೂಪ ಫ್ರಾನ್ಸಿನದಾದರೂ ಅದರ ಬದುಕು ಹಾಸನ ಸೀಮೆಯದು. ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದೊರೆಗಳ ಚರ್ಚು ಎಂದೊಡನೆ ಅದು ಪರರ ಸೊತ್ತಾಗುತ್ತದೆ. ಪರರ ಸೊತ್ತು ಮುಳುಗಿದರೆ ನಮಗೇನೂ ಹೋಗುವುದಿಲ್ಲ.

ಗಾಥಿಕ್ ಎಂದು ಕರೆಯುವ ಶೈಲಿ ಯುರೋಪಿನಲ್ಲಿ ಕಲ್ಲಿನಲ್ಲಿ ಬೆಳೆದದ್ದು. ಎರಡು ಕಡೆಯಿಂದ ಬಾಗಿ ಬಂದು ತುದಿಯಲ್ಲಿ ಚೂಪಾಗಿ ಕೂಡುವ ಕಮಾನು ಅದರ ಗುರುತು. ಅಂತಹ ಕಮಾನು ಭಾರವನ್ನು ಗೋಡೆಗಳ ಮೇಲೆ ಹೆಚ್ಚು ನೇರವಾಗಿ ಕೆಳಗಿಳಿಸುವುದರಿಂದ ಎತ್ತರಕ್ಕೆ ಕಟ್ಟಲು, ದೊಡ್ಡ ಕಿಟಕಿಗಳನ್ನು ಇಡಲು ಅನುಕೂಲ. ಶೆಟ್ಟಿಹಳ್ಳಿಯಲ್ಲಿ ಅದನ್ನು ಇಟ್ಟಿಗೆ ಮತ್ತು ಸುಣ್ಣದ ಗಾರೆಯಲ್ಲಿ ಎಬ್ಬಿಸಿದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಇಂದು ಅಲ್ಲಿಗೆ ಹೋದವರಿಗೆಲ್ಲ ಯಾರಾದರೊಬ್ಬರು ಹೇಳುತ್ತಾರೆ. ನಮ್ಮ ಹಳೆಯ ಗಾರೆ ಕೆಲಸದವರು ಬೆಲ್ಲ, ಅಳಲೆಕಾಯಿಯ ನೀರನ್ನು ಸುಣ್ಣಕ್ಕೆ ಬೆರೆಸಿ ದಿನಗಟ್ಟಲೆ ಅರೆಯುತ್ತಿದ್ದದ್ದು ನಿಜವೇ. ಆದರೆ ಗಾರೆಯ ಗಟ್ಟಿತನದ ಮೂಲ ಬೇರೆ. ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ವರ್ಷಗಟ್ಟಲೆ ನಿಧಾನವಾಗಿ ಹೀರಿಕೊಂಡು ತಾನು ಹುಟ್ಟಿಬಂದ ಸುಣ್ಣಕಲ್ಲಿನ ಗುಣಕ್ಕೇ ಮರಳುತ್ತದೆ. ಹೀಗಾಗಿ ನೀರು ಬರುವ ಹೊತ್ತಿಗೆ ಆ ಗೋಡೆಗಳು ನೂರಕ್ಕೂ ಹೆಚ್ಚು ವರ್ಷ ಮಾಗಿದ್ದವು. ಪಕ್ಕದ ಮಣ್ಣಿನ ಮನೆಗಳು ಕರಗಿಹೋದರೂ ಚರ್ಚು ನಿಂತದ್ದರ ಗುಟ್ಟು ಇಷ್ಟೇ.

ಇನ್ನು ನೀರಿನ ಕಥೆ. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟಿ, ಸಕಲೇಶಪುರವನ್ನು ಹಾದು, ಯಗಚಿಯನ್ನು ಕೂಡಿಸಿಕೊಂಡು, ಗೊರೂರಿನ ಮೇಲೆ ಹರಿದು, ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. ಮಲೆನಾಡಿನ ಮಳೆ ತುಂಬಿಕೊಂಡು ಬರುವ ಈ ಹೊಳೆಯನ್ನು ತಡೆದು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಬಯಲಿಗೆ ತಿರುಗಿಸಬೇಕೆಂಬ ಯೋಜನೆ 1960ರ ದಶಕದಲ್ಲಿ ಕಾರ್ಯರೂಪಕ್ಕೆ ಬಂದಿತು. ಕಾವೇರಿಯ ನೀರಿನ ವಿಷಯದಲ್ಲಿ ಮೈಸೂರು ಮತ್ತು ಮದರಾಸುಗಳ ನಡುವೆ 1892 ಮತ್ತು 1924ರಲ್ಲಿ ಆಗಿದ್ದ ಒಪ್ಪಂದಗಳು, ಅವುಗಳ ಸುತ್ತಲಿನ ವ್ಯಾಜ್ಯ ಎಲ್ಲರಿಗೂ ತಿಳಿದದ್ದೇ. ಈ ವ್ಯಾಜ್ಯದಿಂದಾಗಿ ಹೇಮಾವತಿ, ಹಾರಂಗಿ, ಕಬಿನಿ ಯೋಜನೆಗಳಿಗೆ ಕೇಂದ್ರದ ಯೋಜನಾ ಆಯೋಗದ ಒಪ್ಪಿಗೆ ದೊರೆಯಲಿಲ್ಲ. ರಾಜ್ಯ ಸರ್ಕಾರ ತನ್ನ ಸ್ವಂತ ಬೊಕ್ಕಸದ ಹಣದಿಂದಲೇ ಅವನ್ನು ಕಟ್ಟಿತು. ಬಯಲುಸೀಮೆಯ ರೈತನ ದೃಷ್ಟಿಯಿಂದ ನೋಡಿದರೆ ಅದು ಧೈರ್ಯದ ಕೆಲಸ.

1979ರ ಹೊತ್ತಿಗೆ ಗೊರೂರಿನಲ್ಲಿ ಅಣೆಕಟ್ಟು ಸಿದ್ಧವಾಯಿತು. ಉದ್ದ 4,692 ಮೀಟರು, ಎತ್ತರ 58.5 ಮೀಟರು. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ, ಸಂಗ್ರಹ ಸುಮಾರು 37 ಟಿ.ಎಂ.ಸಿ. ನೀರು ಹರಡಿಕೊಳ್ಳುವ ನೆಲ 8,502 ಹೆಕ್ಟೇರು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 21,000 ಎಕರೆ. ಪ್ರತಿಯಾಗಿ ನೀರುಣಿಸಬೇಕೆಂದಿದ್ದ ಭೂಮಿ ಆರು ಲಕ್ಷ ಎಕರೆಗೂ ಹೆಚ್ಚು. ನಾನು ಕನ್ನಡದ ಮೇಷ್ಟ್ರು, ಗಣಿತದವನಲ್ಲ. ಆದರೂ ಒಂದು ಎಕರೆ ಮುಳುಗಿಸಿ ಸುಮಾರು ಮೂವತ್ತು ಎಕರೆಗೆ ನೀರು ಕೊಡುವ ಈ ಲೆಕ್ಕ ನನಗೂ ಅರ್ಥವಾಗುತ್ತದೆ. ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಮುಳುಗಿದ ಎಕರೆಯವನ ಹೆಸರು ಮಾತ್ರ ಆ ಲೆಕ್ಕದ ಹಲಗೆಯ ಮೇಲೆ ಎಲ್ಲಿಯೂ ಇರಲಿಲ್ಲ.

ಆ ದಿನಗಳಲ್ಲಿ ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಶಾಲೆಯಲ್ಲಿ ಗುಮಾಸ್ತರ ಹುದ್ದೆ ಖಾಲಿಯಿತ್ತು. ನನ್ನ ಅಕ್ಷರ ದುಂಡಗಿತ್ತೆಂಬ ಒಂದೇ ಕಾರಣಕ್ಕೆ ವರ್ಗಾವಣೆ ಪತ್ರ ಬರೆಯುವ ಕೆಲಸವನ್ನು ಮುಖ್ಯೋಪಾಧ್ಯಾಯರು ನನಗೆ ವಹಿಸಿದ್ದರು. ಆ ಪತ್ರದಲ್ಲಿ ‘ಶಾಲೆ ಬಿಡಲು ಕಾರಣ’ ಎಂದೊಂದು ಅಂಕಣ. ಸಾಮಾನ್ಯವಾಗಿ ‘ತಂದೆಯ ವರ್ಗಾವಣೆ’, ‘ಉತ್ತೀರ್ಣ’, ‘ಪೋಷಕರ ಕೋರಿಕೆ’ ಎಂದು ಬರೆಯುವುದು ರೂಢಿ. ಆ ಎರಡು ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಬರೆದದ್ದು ಒಂದೇ ಪದ: ‘ಮುಳುಗಡೆ’. ಕೆಲವು ಮಕ್ಕಳು ತಂದೆಯೊಂದಿಗೆ ಬಂದರು, ಕೆಲವರು ಒಬ್ಬರೇ. ಒಬ್ಬ ಹುಡುಗ ಪತ್ರವನ್ನು ಕೈಯಲ್ಲಿ ಹಿಡಿದು ಓದಿಕೊಂಡು, ‘ಸಾರ್, ಮುಂದಿನ ಸ್ಕೂಲಿನಲ್ಲಿ ನಿನ್ನೂರು ಯಾವುದು ಅಂತ ಕೇಳಿದರೆ ಯಾವುದನ್ನ ಹೇಳಬೇಕು?’ ಎಂದು ಕೇಳಿದ. ನಾನು ಆಗ ಇಪ್ಪತ್ತೈದರ ಒಳಗಿನ ಪ್ರಾಯದವನು. ಏನೋ ಒಂದು ಸಮಾಧಾನದ ಮಾತು ಹೇಳಿ ಕಳುಹಿಸಿದೆ. ಆ ಮಾತು ಏನೆಂಬುದು ಈಗ ನೆನಪಿಲ್ಲ. ಅವನ ಪ್ರಶ್ನೆ ಮಾತ್ರ ಮರೆತಿಲ್ಲ.

ಜಲಾಶಯದ ಪಾಲಾದದ್ದು ಶೆಟ್ಟಿಹಳ್ಳಿಯೊಂದೇ ಅಲ್ಲ. ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ತಮ್ಮ ನೆಲೆಯನ್ನು ಕಳೆದುಕೊಂಡವು. ಅವುಗಳಲ್ಲಿ ಬಹುಪಾಲು ಹಿಂದೂಗಳ ಊರುಗಳು. ಮಾರಿಗುಡಿ, ಬಸವನಗುಡಿ, ಅರಳಿಕಟ್ಟೆ, ಊರಬಾವಿ ಇಲ್ಲದ ಹಳ್ಳಿ ನಮ್ಮ ಸೀಮೆಯಲ್ಲಿ ಯಾವುದಿದೆ? ಹೊರಡುವವರು ಮನೆಯ ಹೆಂಚು, ತೊಲೆ, ಬಾಗಿಲುವಾಡಗಳನ್ನು ಬಿಚ್ಚಿ ಗಾಡಿಗೆ ಹೇರಿಕೊಂಡರು. ಮಾಡು ಹೋದ ಮಣ್ಣಿನ ಗೋಡೆ ಮೊದಲ ಮಳೆಗಾಲಕ್ಕೇ ಕರಗಿತು. ಇಡೀ ಊರುಗಳು ಹೀಗೆ ಗುರುತೇ ಇಲ್ಲದಂತೆ ಅಳಿದಾಗ ಕಣ್ಣಿಗೆ ಕಾಣುವಂತೆ ಉಳಿದದ್ದು ಶೆಟ್ಟಿಹಳ್ಳಿಯ ಚರ್ಚು. ನಾವು ಅದನ್ನು ಮುಳುಗಿದ ಚರ್ಚು ಎನ್ನುತ್ತೇವೆ. ಸರಿಯಾಗಿ ನೋಡಿದರೆ ಅದು ಮುಳುಗದೆ ಉಳಿದ ಚರ್ಚು. ಮುಳುಗಿದವು ಅದರ ಸುತ್ತಲಿನ ಊರುಗಳು.

ಆಗ ಜಾರಿಯಲ್ಲಿದ್ದದ್ದು ಬ್ರಿಟಿಷರು ಮಾಡಿದ 1894ರ ಭೂಸ್ವಾಧೀನ ಕಾಯ್ದೆ. ಅದರ ಪ್ರಕಾರ ಜಮೀನಿಗೆ, ಮನೆಗೆ, ಮರಗಳಿಗೆ ಬೆಲೆ ಕಟ್ಟಿ, ಆ ಬೆಲೆಯ ಮೇಲೆ ಶೇಕಡ 15ರಷ್ಟು ಹೆಚ್ಚಿಗೆ ಸೇರಿಸಿ ಕೊಡಬೇಕಿತ್ತು. ಬೆಲೆ ನಿಗದಿಯಾಗುತ್ತಿದ್ದದ್ದು ಸರ್ಕಾರ ಮೊದಲ ಅಧಿಸೂಚನೆ ಹೊರಡಿಸಿದ ದಿನದ ದರದಲ್ಲಿ. ಹಣ ಕೈಗೆ ಬರುವ ವೇಳೆಗೆ ಬೇರೆಡೆಯ ಜಮೀನಿನ ಬೆಲೆ ಏರಿರುತ್ತಿತ್ತು. ಹೆಸರಿಗೆ ಜಮೀನಿಲ್ಲದವನು, ಎಂದರೆ ಕೂಲಿಯವನು, ಕುಂಬಾರ, ಕ್ಷೌರಿಕ, ಮಡಿವಾಳ, ಕಳೆದುಕೊಂಡ ಜೀವನೋಪಾಯಕ್ಕೆ ಪರಿಹಾರ ಕೇಳುವ ಹಕ್ಕನ್ನು ಆ ಕಾಯ್ದೆ ಕೊಟ್ಟಿರಲಿಲ್ಲ. ಅಂತಹವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ, ಪುನರ್ವಸತಿಯನ್ನು ಹಕ್ಕೆಂದು ಒಪ್ಪುವ ಕಾನೂನು ಬಂದದ್ದು 2013ರಲ್ಲಿ. ಹೇಮಾವತಿಯ ದಡದ ಜನರಿಗೆ ಅದು ಒಂದು ತಲೆಮಾರಿಗೂ ಮೀರಿ ತಡವಾಗಿತ್ತು.

ಚರ್ಚನ್ನಾದರೂ ಉಳಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಉಳಿಸಿದ ಉದಾಹರಣೆಗಳಿವೆ. ನಾರಾಯಣಪುರ ಜಲಾಶಯದ ಹಿನ್ನೀರು ಕೂಡಲಸಂಗಮವನ್ನು ಮುತ್ತುವಾಗ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ರಕ್ಷಿಸಲಾಯಿತು. ಆಂಧ್ರದ ನಾಗಾರ್ಜುನಕೊಂಡದ ಅವಶೇಷಗಳನ್ನು ಅಗೆದು ತೆಗೆದು ಎತ್ತರದ ನೆಲದಲ್ಲಿ ಮತ್ತೆ ಜೋಡಿಸಿದರು. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು, ಮುಳುಗಿ ಎಷ್ಟೋ ದಶಕಗಳಾದ ಮೇಲೆ, ಕಲ್ಲು ಕಲ್ಲಿಗೂ ಗುರುತು ಹಾಕಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಆದರೆ ಕಲ್ಲಿನ ಗುಡಿಯನ್ನು ಬಿಚ್ಚಿ ಕೂಡಿಸಬಹುದು. ಇಟ್ಟಿಗೆ ಗಾರೆಯ ಗೋಡೆಯನ್ನು ಬಿಚ್ಚಿದರೆ ಕೈಗೆ ಬರುವುದು ಬರೀ ಇಟ್ಟಿಗೆಯ ರಾಶಿ. ಇದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಮನಸ್ಸಿನಲ್ಲಿದೆ. ಅಂದು ಈ ಕಟ್ಟಡಕ್ಕೆ ಸುಮಾರು ನೂರಿಪ್ಪತ್ತು ವರ್ಷ. ಬೇಲೂರು ಹಳೇಬೀಡುಗಳಿರುವ ಜಿಲ್ಲೆಯಲ್ಲಿ ನೂರಿಪ್ಪತ್ತು ವರ್ಷದ ಕಟ್ಟಡವನ್ನು ಯಾರು ಹಳೆಯದೆನ್ನುತ್ತಾರೆ? ಏಳೆಂಟು ನೂರು ವರ್ಷದ ಶಿಲ್ಪವೈಭವದ ಮುಂದೆ ಅದು ನಿನ್ನೆಯ ಕೂಸು. 2023ರಲ್ಲಿ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದದ್ದೇ. ಆದರೆ ಇಂದು ಹಳೆಯದಾಗಿರುವ ಪ್ರತಿಯೊಂದೂ ಒಂದು ಕಾಲಕ್ಕೆ ನಿನ್ನೆಯದಾಗಿತ್ತಲ್ಲವೇ?

ನಾನು ಮೊದಲ ಬಾರಿಗೆ ಆ ಚರ್ಚಿನ ಒಳಗೆ ಕಾಲಿಟ್ಟದ್ದು 2003ರ ಬೇಸಿಗೆಯಲ್ಲಿ. ಕಾವೇರಿ ಕೊಳ್ಳದಲ್ಲಿ ಮಳೆ ಕೈಕೊಟ್ಟ ವರ್ಷಗಳವು. ನೀರು ಬಹಳ ದೂರ ಹಿಂದೆ ಸರಿದಿತ್ತು. ಒಡೆದ ಕೆಸರಿನ ಮೇಲೆ ನಡೆದು ಹೋದೆ. ಕಾಲಿಗೆ ಒಂದು ಒರಳುಕಲ್ಲು ಎಡವಿತು, ಅರ್ಧ ಹೂತಿತ್ತು. ಅದರ ಗುಳಿಯಲ್ಲಿ ಹೂಳು ತುಂಬಿ ಗಟ್ಟಿಯಾಗಿತ್ತು. ಯಾವ ಮನೆಯ ಹಿತ್ತಲಿನದೋ! ಚರ್ಚಿನ ಒಳಗೆ ಮೇಲೆ ನೋಡಿದರೆ ಆಕಾಶ, ಕೆಳಗೆ ನೋಡಿದರೆ ಒಣಗಿ ಬಿರಿದ ಮಣ್ಣು. ಪೂಜೆಯ ಪೀಠವಿದ್ದ ಕಡೆಗೆ ಮುಖ ಮಾಡಿಕೊಂಡು ಒಬ್ಬ ಮುದುಕರು ಬರಿಗಾಲಲ್ಲಿ ನಿಂತಿದ್ದರು. ಚಪ್ಪಲಿಯನ್ನು ಬಾಗಿಲಿನ ಆಚೆ ಬಿಟ್ಟಿದ್ದರು. ಬಾಗಿಲೇ ಇಲ್ಲದ ಬಾಗಿಲು. ಆದರೂ ಅದರ ಆಚೆ. ಅದನ್ನು ನೋಡಿ ನಾನೂ ಹಿಂದಿರುಗಿ ಹೋಗಿ ನನ್ನವನ್ನು ಅಲ್ಲಿಯೇ ಬಿಟ್ಟು ಬಂದೆ.

ಅವರು ಅದೇ ಊರಿನವರು, ಬೇರೆಡೆ ನೆಲೆಸಿದ್ದವರು. ನಾನು ಮೇಷ್ಟ್ರೆಂದು ತಿಳಿದ ಮೇಲೆ ಮಾತನಾಡಿದರು. ಹಬ್ಬದ ತೇರು ಎಲ್ಲಿಂದ ಹೊರಟು ಎಲ್ಲಿ ತಿರುಗುತ್ತಿತ್ತು, ಯಾವ ಮರದ ಕೆಳಗೆ ಗಾಡಿಗಳು ನಿಲ್ಲುತ್ತಿದ್ದವು ಎಂಬುದನ್ನು ಬಯಲಿನತ್ತ ಬೆರಳು ಮಾಡಿ ತೋರಿಸಿದರು. ನನಗೆ ಕಂಡದ್ದು ಬರೀ ಬಯಲು, ಅವರಿಗೆ ಕಾಣುತ್ತಿದ್ದದ್ದು ಊರು. ಹೊರಡುವಾಗ ದೇವರ ಸ್ವರೂಪಗಳನ್ನು ಏನು ಮಾಡಿದಿರಿ ಎಂದು ಕೇಳಿದೆ. ‘ದೇವ್ರನ್ನ ಹೊತ್ಕೊಂಡು ಹೋದೋ ಮೇಷ್ಟ್ರೇ. ಹೂತಿಟ್ಟೋರ್ನ ಹೊತ್ಕೊಂಡು ಹೋಗಕ್ಕಾಗ್ಲಿಲ್ಲ. ನಮ್ಮಪ್ಪ ಇಲ್ಲೇ ಅವ್ರೆ’ ಎಂದರು. ಎಂದು ನೀರಿನ ಕಡೆಗೆ ನೋಡಿದರು. ನಾನು ಮುಂದೆ ಏನನ್ನೂ ಕೇಳಲಿಲ್ಲ.

ಕ್ರೈಸ್ತರ ಪಂಚಾಂಗದಲ್ಲಿ ಜಪಮಾಲೆ ಮಾತೆಯ ಹಬ್ಬ ಅಕ್ಟೋಬರ್ 7ರಂದು. 1571ರ ಲೆಪಾಂಟೊ ಕದನದ ನೆನಪಿಗಾಗಿ ಯುರೋಪಿನಲ್ಲಿ ನಿಗದಿಯಾದ ದಿನವದು. ನಮ್ಮ ಹೇಮಾವತಿಯ ಪಂಚಾಂಗದಲ್ಲಿ ಅಕ್ಟೋಬರ್ ಎಂದರೆ ಮುಂಗಾರು ಮುಗಿದು ಜಲಾಶಯ ತುಂಬಿ ನಿಂತಿರುವ ಕಾಲ. ಮಳೆ ಚೆನ್ನಾಗಿ ಆದ ವರ್ಷ, ತನ್ನ ಹಬ್ಬದ ದಿನವೇ ಆ ಗುಡಿಗೆ ಭಕ್ತರನ್ನು ಒಳಗೆ ಬಿಟ್ಟುಕೊಳ್ಳಲಾಗದು. ಮಳೆ ಕೈಕೊಟ್ಟು, ಬಯಲಿನ ರೈತ ಆಕಾಶ ನೋಡುತ್ತಾ ಕುಳಿತ ವರ್ಷ ಮಾತ್ರ ಅದರ ಬಾಗಿಲು ತೆರೆದಿರುತ್ತದೆ. ನಾಡಿಗೆ ಒಳ್ಳೆಯದಾದ ವರ್ಷ ಶೆಟ್ಟಿಹಳ್ಳಿಯವರಿಗೆ ಅಗಲಿಕೆಯ ವರ್ಷ. ಇದನ್ನು ಯಾರ ತಪ್ಪೆಂದು ಹೇಳುವುದು?

ಆ ಕಟ್ಟಡದ ಮುಂದಿನ ಗತಿಯನ್ನೂ ಹೇಳಬೇಕು. ನೀರು ಗೋಡೆಗೆ ಶತ್ರುವೆಂದು ನಾವು ತಿಳಿಯುತ್ತೇವೆ. ಸದಾ ನೀರೊಳಗೇ ಇರುವ ಗೋಡೆ ಬಹುಕಾಲ ಬಾಳಬಲ್ಲದು. ಸದಾ ಒಣಗಿರುವುದೂ ಬಾಳಬಲ್ಲದು. ಕೆಡುವುದು ವರ್ಷಕ್ಕೊಮ್ಮೆ ನೆನೆದು ವರ್ಷಕ್ಕೊಮ್ಮೆ ಒಣಗುವ ಗೋಡೆ. ನೆನೆದಾಗ ಇಟ್ಟಿಗೆಯೊಳಗೆ ಲವಣಗಳು ನೀರಿನೊಂದಿಗೆ ನುಗ್ಗುತ್ತವೆ. ಒಣಗಿದಾಗ ಹರಳುಗಟ್ಟಿ, ಇಟ್ಟಿಗೆಯ ಮೈಯನ್ನು ಒಳಗಿನಿಂದ ಸಿಡಿಸುತ್ತವೆ. ಅಲೆಗಳು ಅಡಿಪಾಯದ ಮಣ್ಣನ್ನು ಸವೆಸುತ್ತವೆ. ಮಾಡಿಲ್ಲದ್ದರಿಂದ ಮಳೆ ಗೋಡೆಯ ನೆತ್ತಿಯಿಂದಲೇ ಒಳಗಿಳಿಯುತ್ತದೆ, ಬಿರುಕಿನಲ್ಲಿ ಗಿಡ ಬೇರು ಬಿಡುತ್ತದೆ. ಕಮಾನುಗಳ ಸಾಲಿನಲ್ಲಿ ಒಂದು ಬಿದ್ದರೆ ಪಕ್ಕದ್ದರ ಒತ್ತಾಸೆ ತಪ್ಪುತ್ತದೆ. ಇಷ್ಟೆಲ್ಲದರ ಮೇಲೆ, ಭೇಟಿ ಕೊಟ್ಟವರು ಮೊಳೆಯಿಂದ ಕೆತ್ತಿ ಹೋದ ಹೆಸರುಗಳು. ನೀರು ಮಾಡದ ಗಾಯವನ್ನು ನಾವು ಮಾಡಿ ಬರುತ್ತೇವೆ.

ಹೇಮಾವತಿಯ ದಡದಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮೂರಿನ ಜನರ ನಗು, ಜಗಳ, ರಸಿಕತೆಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟರು. ಗೊರೂರು ಮುಳುಗಲಿಲ್ಲ, ಮುಳುಗಿದ್ದರೂ ಆ ಪುಸ್ತಕಗಳಲ್ಲಿ ಉಳಿದಿರುತ್ತಿತ್ತು. ಅವರು 1991ರವರೆಗೆ ಬಾಳಿದರು. ತಮ್ಮ ಹೊಳೆ ಕಡಲಿನಂತೆ ನಿಂತದ್ದನ್ನೂ ಅವರ ತಲೆಮಾರು ಕಂಡಿತು. ಮೇಲಿನ ದಡದ ಊರುಗಳಿಗೆ ಅಂತಹ ಲೇಖಕನ ಭಾಗ್ಯ ಇರಲಿಲ್ಲ. ಅವುಗಳ ಪಾಲಿಗೆ ಈ ಗೋಡೆಗಳೇ ಪುಸ್ತಕ. ಅದೂ ಪುಟ ಪುಟವಾಗಿ ಉದುರುತ್ತಿದೆ.

ಹಾಗಾದರೆ ಏನು ಮಾಡಬಹುದು? ನೀರನ್ನು ಇಳಿಸಿ ಎನ್ನಲು ಬಾಯಿ ಬರುವುದಿಲ್ಲ. ಗೋಡೆಗಳನ್ನು ಬಲಪಡಿಸುವುದು ಬಲ್ಲವರ ಕೆಲಸ. ಸುಣ್ಣದ ಗೋಡೆಗೆ ಸಿಮೆಂಟು ಮೆತ್ತಿ ಕೆಡಿಸುವವರ ಕೈಗೆ ಅದು ಸಿಗದಿರಲಿ. ಆದರೆ ಹಣವಿಲ್ಲದೆಯೂ ಮಾಡಬಹುದಾದ ಎರಡು ಕೆಲಸಗಳಿವೆ. ಕ್ಯಾಥೊಲಿಕ ಚರ್ಚುಗಳಲ್ಲಿ ಜ್ಞಾನಸ್ನಾನ, ಮದುವೆ, ಮರಣಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವ ಕಟ್ಟುನಿಟ್ಟಾದ ಪದ್ಧತಿ ಹದಿನಾರು, ಹದಿನೇಳನೆಯ ಶತಮಾನಗಳಿಂದಲೂ ಇದೆ. ಹಳ್ಳಿಯ ಸಾಮಾನ್ಯನ ಹೆಸರು, ಅವನ ತಂದೆ ತಾಯಿಯರ ಹೆಸರು ತಾರೀಖಿನೊಡನೆ ಸಿಗುವ ದಾಖಲೆ ನಮ್ಮ ನಾಡಿನಲ್ಲಿ ಬಹಳ ವಿರಳ. ಅಂತಹ ಪುಸ್ತಕಗಳನ್ನು ಇತಿಹಾಸದ ವಿದ್ಯಾರ್ಥಿಗಳು ಓದಬೇಕು. ಎರಡನೆಯದು ಇನ್ನೂ ಸುಲಭ. ಊರು ಬಿಟ್ಟು ಹೊರಟಾಗ ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ಐವತ್ತು ದಾಟಿದೆ. ದೊಡ್ಡವರಾಗಿದ್ದವರಲ್ಲಿ ಅನೇಕರು ತೀರಿಕೊಂಡಿದ್ದಾರೆ. ಉಳಿದವರನ್ನು ಕೂರಿಸಿ, ಬಾವಿ ಎಲ್ಲಿತ್ತು, ಗುಡಿ ಎಲ್ಲಿತ್ತು, ಕಣ ಎಲ್ಲಿತ್ತು ಎಂದು ಕೇಳಿ ಒಂದು ನಕ್ಷೆ ಬರೆಸಬೇಕು. ಚರ್ಚಿಗೆ ಹೋಗುವ ದಾರಿಯಲ್ಲಿ ಮುಳುಗಿದ ಅಷ್ಟೂ ಹಳ್ಳಿಗಳ ಹೆಸರು ಬರೆದ ಒಂದು ಕಲ್ಲು ನೆಡಬೇಕು. ಚಿತ್ರ ತೆಗೆಯಲು ಬಂದವರು ಅದನ್ನು ಓದಿ ಮುಂದೆ ಹೋಗಲಿ. ಅಂದು ಆ ಹುಡುಗ ಕೇಳಿದ ಪ್ರಶ್ನೆಗೆ ಆ ಕಲ್ಲಿನಲ್ಲಿಯಾದರೂ ಉತ್ತರವಿರಲಿ.

ಇದನ್ನು ನಾನು ಬರೆಯುವುದಕ್ಕೆ ಇನ್ನೊಂದು ಕಾರಣವನ್ನು ಹೇಳಿ ಮುಗಿಸುತ್ತೇನೆ. ಹಾಸನ ಜಿಲ್ಲೆಯಿಂದ ನನಗೆ ತುಮಕೂರಿಗೆ ವರ್ಗವಾಯಿತು. ಅಲ್ಲಿಯೇ ನಿವೃತ್ತನಾಗಿ ನೆಲೆಸಿದೆ. ಗೊರೂರಿನ ಅಣೆಕಟ್ಟಿನಿಂದ ಹೊರಟ ನಾಲೆ ಬಾಗೂರು ನವಿಲೆಯ ಸುರಂಗವನ್ನು ಹಾದು ನಮ್ಮ ಜಿಲ್ಲೆಗೆ ಬರುತ್ತದೆ. ಆ ನೀರು ಬುಗುಡನಹಳ್ಳಿ ಕೆರೆಯಲ್ಲಿ ನಿಂತು, ಅಲ್ಲಿಂದ ಊರಿನ ನಲ್ಲಿಗಳಿಗೆ ಹರಿಯುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ನಮ್ಮಲ್ಲಿದೆ. ಬೆಳಿಗ್ಗೆ ನಲ್ಲಿ ತಿರುಗಿಸಿ ಬಿಂದಿಗೆ ತುಂಬಿಸಿಕೊಳ್ಳುವಾಗ ನನಗೆ ಆ ಗಾದೆಯ ನೆನಪಾಗುತ್ತದೆ. ನಾನು ಕುಡಿಯುತ್ತಿರುವುದು ಆ ಮುದುಕರ ತಂದೆಯವರ ಸಮಾಧಿಯ ಮೇಲೆ ಹರಿದು ಬಂದ ನೀರು. ವಿದ್ಯಾರ್ಥಿ ಕಳುಹಿಸಿದ ಚಿತ್ರಕ್ಕೆ ಉತ್ತರವಾಗಿ ನಾನು ಬರೆದದ್ದು ಇಷ್ಟೇ: ‘ಚೆನ್ನಾಗಿದೆ. ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೊಮ್ಮೆ ಹೋಗು. ಬಾಗಿಲಿನ ಹೊರಗೆ ಚಪ್ಪಲಿ ಬಿಡುವುದನ್ನು ಮರೆಯಬೇಡ.’